ಡಬ್ಬಿ ಅಡಗಿಸುವ ಮುನ್ನ ಒಂದು ಅರ್ಜಿ

ಜಯನಗರ, ಬೆಂಗಳೂರು

ಪ್ರೀತಿಯ ಓದುಗ ಮಿತ್ರರಿಗೆ,

ನಿಮ್ಮ ಪತ್ರ ಓದಿ ತುಂಬ ಖುಷಿಯಾಯಿತು. ಜೆ.ಪಿ. ನಗರದ ನಿಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಒಂದು ಜಿಯೋಕ್ಯಾಶಿಂಗ್ ಡಬ್ಬಿ ಇಡಲೇಬೇಕೆಂದು ಮಗಳು ಹಟ ಹಿಡಿದಿದ್ದಾಳೆ ಎಂದು ಬರೆದಿದ್ದೀರಿ. ಡಬ್ಬಿ ತಯಾರಾಗಿದೆ, ಒಳಗಿಡುವ ಪುಟ್ಟ ನೋಟ್‌ಬುಕ್ಕಿಗೆ ಅವಳೇ ರಟ್ಟು ಹಾಕಿದ್ದಾಳೆ. ಈಗ ನಿಮಗಿರುವ ಪ್ರಶ್ನೆ ಒಂದೇ: ಇದಕ್ಕೆ ಯಾರನ್ನಾದರೂ ಕೇಳಬೇಕೆ, ಕೇಳುವುದಾದರೆ ಯಾರನ್ನು?

ಖಂಡಿತ ಕೇಳಿ. ಬರವಣಿಗೆಯಲ್ಲೇ ಕೇಳಿ. ಒಪ್ಪಿಗೆ ಕೈಗೆ ಬರುವವರೆಗೆ ಡಬ್ಬಿ ಮನೆಯ ಶೋಕೇಸಿನಲ್ಲೇ ಇರಲಿ. ಇದೇ ಆಸೆ ಇಟ್ಟುಕೊಂಡ ಮನೆಗಳು ಜಯನಗರ, ಬನಶಂಕರಿ, ಬಿಟಿಎಂ ಕಡೆಯಲ್ಲೂ ಇದ್ದಾವು ಅನ್ನಿಸಿ, ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು, ಈ ಆಟದ ಗುರುತಿಲ್ಲದ ನಿಮ್ಮ ಮನೆಯ ಹಿರಿಯರಿಗಾಗಿ ಎರಡು ಮಾತು. 2000ನೇ ಇಸವಿಯವರೆಗೆ ಅಮೆರಿಕ ಸರ್ಕಾರ ತನ್ನ ಜಿಪಿಎಸ್ ಸಂಕೇತವನ್ನು ಜನಸಾಮಾನ್ಯರಿಗೆ ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ನೀವು ನಿಂತ ಜಾಗವನ್ನು ಯಂತ್ರ ನೂರು ಮೀಟರಿನಷ್ಟು ಆಚೀಚೆ ತೋರಿಸಿದರೂ ಆಶ್ಚರ್ಯವಿರಲಿಲ್ಲ. ಆ ವರ್ಷದ ಮೇ 2ರಂದು ಸರ್ಕಾರ ಆ ಅಡ್ಡಿಯನ್ನು ತೆಗೆಯಿತು. ಮರುದಿನವೇ ಡೇವ್ ಅಲ್ಮರ್ ಎಂಬಾತ ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಊರಿನ ಹತ್ತಿರ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಇಂಟರ್‌ನೆಟ್ಟಿನಲ್ಲಿ ಪ್ರಕಟಿಸಿದ. ಹುಡುಕಿಕೊಂಡು ಹೋದವರು ಒಳಗಿದ್ದ ಪುಸ್ತಕದಲ್ಲಿ ಹೆಸರು ಬರೆಯಬೇಕು, ಒಂದು ವಸ್ತು ತೆಗೆದುಕೊಂಡರೆ ಇನ್ನೊಂದನ್ನು ಇಟ್ಟು ಬರಬೇಕು. ಇಷ್ಟೇ ಆಟ. ಇವತ್ತು ಪ್ರಪಂಚದಾದ್ಯಂತ ಇಂಥ ಲಕ್ಷಾಂತರ ಡಬ್ಬಿಗಳಿವೆ. ನಮ್ಮ ಬೆಂಗಳೂರಿನಲ್ಲೂ ಕೆಲವಿವೆ.

ಆ ಮೊದಲ ಬಕೆಟ್ಟನ್ನು ಅರ್ಧ ನೆಲದಲ್ಲಿ ಹೂತಿದ್ದರು, ಒಳಗೆ ತಿನ್ನುವ ಪದಾರ್ಥವೂ ಇತ್ತು. ಈಗಿನ ನಿಯಮದಲ್ಲಿ ಎರಡಕ್ಕೂ ಅವಕಾಶವಿಲ್ಲ. ನೆಲ ಅಗೆಯಬಾರದು, ಗಿಡಮರಕ್ಕೆ ಪೆಟ್ಟಾಗಬಾರದು, ಆಹಾರ, ಮದ್ಯ, ಚಾಕು ಇಡಬಾರದು, ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಅಂತರವಿರಬೇಕು, ಜಾಗದ ಒಡೆತನ ಯಾರದೋ ಅವರ ಅನುಮತಿ ಇರಬೇಕು. ಹೊಸ ಡಬ್ಬಿಯ ವಿವರ ಪ್ರಕಟವಾಗುವ ಮೊದಲು ಸ್ವಯಂಸೇವಕ ಪರಿಶೀಲಕರೊಬ್ಬರು ಅದನ್ನು ನೋಡುತ್ತಾರೆ, ಅನುಮತಿ ಕೊಟ್ಟವರು ಯಾರು ಎಂದು ಕೇಳುವ ಹಕ್ಕು ಅವರಿಗಿದೆ. ಹಾಗಾಗಿ ನೀವು ಅರ್ಜಿ ಬರೆಯುವಾಗ ಆಟದ ಕಾಯಿದೆಯನ್ನೂ ಪಾಲಿಸಿದಂತಾಗುತ್ತದೆ.

ಆದರೆ ಬೆಂಗಳೂರಿಗೆ ಇದಕ್ಕಿಂತ ದೊಡ್ಡ ಕಾರಣವೊಂದಿದೆ. 2008ರ ಜುಲೈ 25ರಂದು ನಗರದ ಹಲವು ಕಡೆ ಸರಣಿ ಸ್ಫೋಟಗಳಾದವು. ನಿಮ್ಮ ಮನೆಗೆ ಬಹಳ ದೂರವೇನೂ ಇಲ್ಲದ ಮಡಿವಾಳ ಚೆಕ್‌ಪೋಸ್ಟಿನ ಬಸ್ ನಿಲ್ದಾಣದಲ್ಲಿ ನಿಂತಿದ್ದ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಅಂದಿನಿಂದ ವಾರಸುದಾರರಿಲ್ಲದ ಪೆಟ್ಟಿಗೆ ಕಂಡರೆ ಈ ಊರಿನ ಎದೆ ಝಲ್ಲೆನ್ನುತ್ತದೆ. ಅಂಥ ವಸ್ತುಗಳನ್ನು ಮುಟ್ಟಬೇಡಿ ಎಂಬ ಮಾತನ್ನು ನಮ್ಮ ಮಕ್ಕಳು ಮೆಟ್ರೋದಲ್ಲಿ ಕೇಳುತ್ತಲೇ ಬೆಳೆದಿದ್ದಾರೆ. ಇಂಗ್ಲೆಂಡಿನ ವೆದರ್ಬಿ ಎಂಬ ಪುಟ್ಟ ಊರಿನಲ್ಲಿ 2011ರಲ್ಲಿ ಯಾರೋ ಒಬ್ಬರು ಡಬ್ಬಿಯನ್ನು ಎತ್ತಿ ಮತ್ತೆ ಇಟ್ಟದ್ದನ್ನು ಕಂಡವರು ಪೊಲೀಸರಿಗೆ ತಿಳಿಸಿದರು. ಬಾಂಬ್ ದಳ ಬಂತು, ಬೀದಿ ಖಾಲಿಯಾಯಿತು, ಕೊನೆಗೆ ಆ ಆಟದ ಡಬ್ಬಿಯನ್ನೇ ಸಿಡಿಸಿ ನಾಶ ಮಾಡಿದರು. ಬೆಳಗಿನ ವಾಕಿಂಗ್‌ಗೆ ಬಂದ ಅಜ್ಜಿಯೊಬ್ಬರು ನಿಮ್ಮ ಮಗಳ ಡಬ್ಬಿ ನೋಡಿ ಗಾಬರಿಯಾಗುವುದು ಬೇಡ. ಅವರ ಭಯಕ್ಕೆ ಕಾರಣವಿದೆ, ಆ ಭಯವನ್ನು ಮುಂಚೆಯೇ ನಿವಾರಿಸುವ ಹೊಣೆ ಅಡಗಿಸುವವರದು.

ಇನ್ನೊಂದು ಮಾತು. ದಕ್ಷಿಣ ಬೆಂಗಳೂರಿನವರಿಗೆ ಪಾರ್ಕು ಅಂದರೆ ಕಾದುಕೊಂಡು ಉಳಿಸಿಕೊಂಡ ಜಾಗ. 2009ರಲ್ಲಿ ಮೆಟ್ರೋ ಕಾಮಗಾರಿಗಾಗಿ ಲಾಲ್‌ಬಾಗಿನ ಗೋಡೆ ಒಡೆದು, ನಂದಾ ರಸ್ತೆಯ ಮರಗಳಿಗೆ ಕೊಡಲಿ ಬಿದ್ದಾಗ ಹಸಿರು ಉಸಿರು ಎಂಬ ಪರಿಸರ ಬಳಗದವರೊಂದಿಗೆ ಬಡಾವಣೆಯ ಜನ ಬೀದಿಗಿಳಿದಿದ್ದರು. 2021ರಲ್ಲಿ ತುರಹಳ್ಳಿ ಕಾಡನ್ನು ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ, ಅದು ಕಾಡಾಗಿಯೇ ಇರಲಿ ಎಂದು ಜನ ಪಟ್ಟು ಹಿಡಿದರು, ಯೋಜನೆ ನಿಂತಿತು. 2025ರಲ್ಲಿ ಸುರಂಗ ರಸ್ತೆಯ ಮಾತಿನ ಜೊತೆ ಲಾಲ್‌ಬಾಗಿನ ಹೆಸರು ಬಂದಾಗಲೂ ಹಾಗೆಯೇ ದನಿ ಎದ್ದಿತು. ಇಂಥ ಕಡೆ ಯಾರೋ ಬಂದು ಪೊದೆಯೊಳಗೆ ಏನನ್ನೋ ಇಟ್ಟು ಹೋದರೆ ಜನ ಅನುಮಾನದಿಂದ ನೋಡುವುದು ಸಹಜ. ಅದನ್ನು ನಾನು ಈ ಊರಿನ ಒಳ್ಳೆಯ ಗುಣ ಎಂದೇ ಎಣಿಸುತ್ತೇನೆ.

ಸರಿ, ಕೇಳುವುದು ಯಾರನ್ನು? ಇಲ್ಲೇ ಹೆಚ್ಚಿನವರು ದಾರಿ ತಪ್ಪುವುದು. ನೋಡುವುದಕ್ಕೆ ಎಲ್ಲ ಹಸಿರೂ ಒಂದೇ, ಯಜಮಾನರು ಮಾತ್ರ ಬೇರೆ ಬೇರೆ.

ಬಡಾವಣೆಯ ಪಾರ್ಕುಗಳು, ಅಂದರೆ ಜಯನಗರದ ಮಾಧವನ್ ಪಾರ್ಕಿನಂಥವು, ನಗರ ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಸೇರುತ್ತವೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆಯಲ್ಲ, ಹಾಗಾಗಿ ನಿಮ್ಮ ವಾರ್ಡು ಯಾವ ಪಾಲಿಕೆಗೆ ಬಂತು ಎಂದು ಮೊದಲು ವಿಚಾರಿಸಿಕೊಳ್ಳಿ. ಪಾರ್ಕಿನ ಗೇಟಿನ ಬೋರ್ಡಿನಲ್ಲಿ ಹಳೆಯ ಹೆಸರೇ ಇನ್ನೂ ಉಳಿದಿರಬಹುದು, ಅರ್ಜಿಯಲ್ಲಿ ಹೊಸ ಹೆಸರಿರಲಿ.

ಲಾಲ್‌ಬಾಗ್ ಪಾಲಿಕೆಯದಲ್ಲ, ರಾಜ್ಯ ಸರ್ಕಾರದ ತೋಟಗಾರಿಕೆ ಇಲಾಖೆಯದು. ಅದಕ್ಕೂ ಕಬ್ಬನ್ ಪಾರ್ಕಿಗೂ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಬಡಾವಣೆಯ ಪಾರ್ಕು, ಆಟದ ಮೈದಾನ, ಬಯಲು ಜಾಗಗಳಿಗೆ 1985ರ ಇನ್ನೊಂದು ಕಾಯ್ದೆ ಇದೆ. ಎರಡರ ಉದ್ದೇಶವೂ ಪಾರ್ಕು ಪಾರ್ಕಾಗಿಯೇ ಉಳಿಯಬೇಕು ಎಂಬುದು. ಅಂಗೈಯಗಲದ ಡಬ್ಬಿಯಿಂದ ಅದಕ್ಕೆ ಧಕ್ಕೆಯಿಲ್ಲ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡುವುದು ನಿಮ್ಮ ಕೆಲಸ.

ತುರಹಳ್ಳಿ ಅರಣ್ಯ ಇಲಾಖೆಯದು, ಅಲ್ಲಿ ಅರಣ್ಯ ಕಾಯ್ದೆಯ ಮಾತು ನಡೆಯುತ್ತದೆ. ಕಾಡಿನಲ್ಲಿ ಡಬ್ಬಿ ಹುಡುಕುವವರು ಕಾಲುದಾರಿ ಬಿಟ್ಟು ನುಗ್ಗುತ್ತಾರೆ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ತೊಂದರೆ. ಅದಕ್ಕೇ ನನ್ನ ಸಲಹೆ ಕೇಳಿದರೆ ತುರಹಳ್ಳಿಯನ್ನು ಬಿಟ್ಟುಬಿಡಿ. ಕೆರೆಗಳ ಕಥೆ ಇನ್ನೂ ಸಿಕ್ಕು. ಬಿಟಿಎಂ ಪಕ್ಕದ ಮಡಿವಾಳ ಕೆರೆ ಬಹಳ ಕಾಲ ಅರಣ್ಯ ಇಲಾಖೆಯ ಸುಪರ್ದಿಯಲ್ಲಿತ್ತು, ಇತರ ಹಲವು ಕೆರೆಗಳು ಪಾಲಿಕೆಯ ಕೆರೆ ವಿಭಾಗದಲ್ಲಿದ್ದವು. ಕೆರೆಯಂಗಳದಲ್ಲಿ ಇಡುವ ಆಸೆಯಿದ್ದರೆ ಈಗ ಅದು ಯಾರ ಕೈಯಲ್ಲಿದೆ ಎಂದು ಬೋರ್ಡು ನೋಡಿ, ಕಚೇರಿಯಲ್ಲಿ ಕೇಳಿ, ಆಮೇಲೆ ಅರ್ಜಿ ಬರೆಯಿರಿ. ದೇವಸ್ಥಾನದ ಆವರಣ, ಅಶ್ವತ್ಥಕಟ್ಟೆ, ನಾಗರಕಲ್ಲುಗಳ ಹತ್ತಿರವಂತೂ ಯೋಚನೆಯೇ ಬೇಡ.

ಅರ್ಜಿಗೆ ಮುಂಚೆ ಪಾರ್ಕಿಗೇ ಹೋಗಿ ಒಂದಷ್ಟು ಹೊತ್ತು ಕೂತು ನೋಡಿ. ಮಾಲಿ ಎಷ್ಟು ಹೊತ್ತಿಗೆ ಬರುತ್ತಾರೆ, ಎಲ್ಲಿ ಗುಡಿಸುತ್ತಾರೆ, ಎಲ್ಲಿ ನೀರು ಬಿಡುತ್ತಾರೆ, ಮಕ್ಕಳು ಎಲ್ಲಿ ಆಡುತ್ತಾರೆ, ಹಿರಿಯರ ಹರಟೆಕಟ್ಟೆ ಎಲ್ಲಿ, ಇವೆಲ್ಲ ತಿಳಿಯುತ್ತದೆ. ಮಾಲಿಯವರನ್ನು ಮಾತನಾಡಿಸಿ, ಮಗಳ ಕೈಲೇ ಡಬ್ಬಿ ತೋರಿಸಿ ಹೇಳಿಸಿ. "ಆ ಬಿದಿರು ಮೆಳೆ ಹತ್ರ ಬೇಡಮ್ಮ, ಹಾವು ಬರ್ತಾವೆ" ಎಂದು ಅವರೇ ಹೇಳಿಯಾರು. ಯಾವ ಮರದ ಪೊಟರೆಯಲ್ಲಿ ಗಿಳಿ ಮರಿ ಮಾಡುತ್ತದೆ, ಎಲ್ಲಿ ಜೇನು ಕಟ್ಟುತ್ತದೆ, ಯಾವ ಮೂಲೆಯಲ್ಲಿ ಮಳೆನೀರು ನಿಲ್ಲುತ್ತದೆ ಎಂಬುದು ಯಾವ ನಕ್ಷೆಯಲ್ಲೂ ಸಿಗದ ಮಾಹಿತಿ. ಅದನ್ನು ಬಲ್ಲವರು ಅವರು.

ಅವರು ಒಳ್ಳೆಯ ಮನಸ್ಸಿನಿಂದ "ಇಡ್ಕೊಳ್ಳಿ ಬಿಡಿ ಸಾರ್, ನಾನ್ ನೋಡ್ಕೋತೀನಿ" ಅಂದರೂ ಅಷ್ಟಕ್ಕೇ ನಿಲ್ಲಿಸಬೇಡಿ. ಎಷ್ಟೋ ಕಡೆ ಮಾಲಿಗಳು, ಕಾವಲುಗಾರರು ಗುತ್ತಿಗೆದಾರರ ಕೆಳಗೆ ದುಡಿಯುವವರು. ನಾಳೆ ಯಾರಾದರೂ ದೂರು ಕೊಟ್ಟರೆ ಬೈಸಿಕೊಳ್ಳುವವರು ಅವರು, ಕೆಲಸಕ್ಕೆ ಕುತ್ತು ಬರುವುದೂ ಅವರಿಗೆ. ಮೇಲಧಿಕಾರಿಯ ಸಹಿಯಿರುವ ಕಾಗದ ನಿಮಗಿಂತ ಹೆಚ್ಚಾಗಿ ಅವರಿಗೆ ಆಸರೆ. ವಾಕಿಂಗ್ ಬಳಗದವರಿಗೂ, ನಿಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರಿಗೂ ವಿಷಯ ತಿಳಿಸಿ. ಸಂಘದ ಲೆಟರ್‌ಹೆಡ್ಡಿನಲ್ಲಿ "ನಮ್ಮ ಆಕ್ಷೇಪಣೆ ಇಲ್ಲ" ಎಂಬ ಒಂದು ಸಾಲು ಸಿಕ್ಕರೆ ಕಚೇರಿಯಲ್ಲಿ ನಿಮ್ಮ ಕೆಲಸ ಅರ್ಧ ಹಗುರ.

ಇನ್ನು ಅರ್ಜಿ. ಕನ್ನಡದಲ್ಲೇ ಬರೆಯಿರಿ, ಒಂದು ಪುಟ ಮೀರದಿರಲಿ. ಅಧಿಕಾರಿ ಈ ಆಟದ ಹೆಸರನ್ನೇ ಕೇಳಿರದಿರಬಹುದು, ಆದ್ದರಿಂದ ಮೊದಲ ಎರಡು ಸಾಲಿನಲ್ಲೇ ವಿಷಯ ತಲೆಗೆ ಹತ್ತಬೇಕು. ನಾನಾದರೆ ಹೀಗೆ ಬರೆಯುತ್ತಿದ್ದೆ:

"ಮಾನ್ಯರೇ,

ವಿಷಯ: ಉದ್ಯಾನದಲ್ಲಿ ಜಿಯೋಕ್ಯಾಶಿಂಗ್ ಆಟದ ಒಂದು ಸಣ್ಣ ಡಬ್ಬಿ ಇರಿಸಲು ಅನುಮತಿ ಕೋರಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮೊಬೈಲ್ ಫೋನಿನ ಜಿಪಿಎಸ್ ಸಹಾಯದಿಂದ ಡಬ್ಬಿಯೊಂದನ್ನು ಹುಡುಕಿ, ಒಳಗಿನ ಪುಸ್ತಕದಲ್ಲಿ ಸಹಿ ಹಾಕಿ, ಅಲ್ಲೇ ಇಟ್ಟು ಹೋಗುವ ಆಟ ಇದಾಗಿರುತ್ತದೆ. ಡಬ್ಬಿಯ ಅಳತೆ ಮತ್ತು ಛಾಯಾಚಿತ್ರ, ಇರಿಸಲಿರುವ ಜಾಗದ ಗುರುತು ನಕ್ಷೆ ಲಗತ್ತಿಸಿದೆ. ನೆಲ ಅಗೆಯುವುದಿಲ್ಲ, ಮರಕ್ಕೆ ಮೊಳೆ, ತಂತಿ, ಅಂಟು ಬಳಸುವುದಿಲ್ಲ. ಡಬ್ಬಿಯ ಮೇಲೆ ಆಟದ ಹೆಸರು ಮತ್ತು ನನ್ನ ಮೊಬೈಲ್ ಸಂಖ್ಯೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಪ್ರತಿ ತಿಂಗಳು ಪರಿಶೀಲಿಸುತ್ತೇನೆ. ತಾವು ಸೂಚಿಸಿದ ಕೂಡಲೇ ನನ್ನ ಖರ್ಚಿನಲ್ಲೇ ತೆರವುಗೊಳಿಸುತ್ತೇನೆ. ಒಂದು ವರ್ಷದ ಅವಧಿಗೆ ಪ್ರಾಯೋಗಿಕವಾಗಿ ಅನುಮತಿ ನೀಡಬೇಕೆಂದು ಕೋರುತ್ತೇನೆ."

ಒಂದು ವರ್ಷ ಎಂದು ಬರೆದಿರುವುದನ್ನು ಗಮನಿಸಿ. ಕೊನೆಯಿಲ್ಲದ ಅನುಮತಿಗೆ ಸಹಿ ಹಾಕಲು ಯಾವ ಅಧಿಕಾರಿಯಾದರೂ ಹಿಂದೆಮುಂದೆ ನೋಡುತ್ತಾರೆ. ಅವಧಿ ಹಾಕಿ ಕೇಳಿದರೆ ಅವರಿಗೂ ಧೈರ್ಯ. ಅರ್ಜಿಯನ್ನು ಟಪಾಲಿನಲ್ಲಿ ಕೊಟ್ಟು, ನಿಮ್ಮ ನಕಲಿನ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಸಕಾಲ ಯೋಜನೆಯ ಪಟ್ಟಿಯಲ್ಲಿ ಇಂಥ ಅನುಮತಿ ಇಲ್ಲ, ಆದ್ದರಿಂದ ಇಷ್ಟು ದಿನದೊಳಗೆ ಉತ್ತರ ಕೊಡಲೇಬೇಕೆಂಬ ಗಡುವೂ ಇಲ್ಲ. ತಾಳ್ಮೆ ಬೇಕು. ಎರಡು ಮೂರು ವಾರ ಬಿಟ್ಟು ಹೋಗಿ ಕಡತ ಯಾರ ಮೇಜಿನ ಮೇಲಿದೆ ಎಂದು ಸೌಜನ್ಯದಿಂದ ವಿಚಾರಿಸಿ. ಸಾಧ್ಯವಾದರೆ ಮಗಳನ್ನೂ ಕರೆದುಕೊಂಡು ಹೋಗಿ. ಸರ್ಕಾರಿ ಕಚೇರಿಯಲ್ಲಿ ಹೇಗೆ ಕೇಳಬೇಕು, ಹೇಗೆ ಕಾಯಬೇಕು ಎಂಬ ಪಾಠ ಶಾಲೆಯಲ್ಲಿ ಸಿಗುವುದಿಲ್ಲ.

ಅಧಿಕಾರಿ ಪ್ರಶ್ನೆ ಕೇಳಿದರೆ ಬೇಸರಿಸಬೇಡಿ, ಅವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಡಬ್ಬಿಯಲ್ಲಿ ನೀರು ನಿಲ್ಲುತ್ತದೆಯೇ ಎಂದು ಕೇಳಬಹುದು. 2024ರಲ್ಲಿ ಡೆಂಗಿ ಹೆಚ್ಚಿದಾಗ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡದ ನಿಯಮ ತಂದಿತ್ತು. ಮುಚ್ಚಳಕ್ಕೆ ರಬ್ಬರಿನ ಸುತ್ತು ಇರುವ, ಬಿಗಿಯಾಗಿ ಕೂರುವ ಡಬ್ಬಿ ಆರಿಸಿ, ಬಾಯಿ ಕೆಳಮುಖವಾಗುವಂತೆ ಇಡುತ್ತೇನೆ ಎಂದು ತೋರಿಸಿ. ಜೂನಿನಿಂದ ಅಕ್ಟೋಬರಿನವರೆಗಿನ ನಮ್ಮ ಮಳೆಗೆ ಪೆನ್ನಿನ ಶಾಯಿ ಉಳಿಯುವುದಿಲ್ಲ, ಒಳಗೆ ಪೆನ್ಸಿಲ್ ಇಡಿ. ನೀರು ತಾಗದಿರಲೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಬೇಡಿ, ಆ ಕವರುಗಳಿಗೆ 2016ರಿಂದಲೇ ರಾಜ್ಯದಲ್ಲಿ ನಿಷೇಧವಿದೆ. ಮೇಲಾಗಿ ಕವರ್ ಕಂಡರೆ ಕಸವೆಂದು ಗುಡಿಸಿ ಹಾಕುವುದು ಖಚಿತ.

ಗಿಡ ತುಳಿದುಹಾಕುತ್ತಾರೆ ಎಂಬ ಆತಂಕ ಬಹಳ ಮುಖ್ಯವಾದದ್ದು. ಫೋನಿನ ಜಿಪಿಎಸ್ ಬಯಲಿನಲ್ಲೇ ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ, ದಟ್ಟ ಮರದಡಿ ಇನ್ನೂ ಹೆಚ್ಚು. ಅಂದರೆ ಹುಡುಕುವವರು ಆ ಸುತ್ತಿನ ಪ್ರತಿ ಪೊದೆಗೂ ಕೈ ಹಾಕುತ್ತಾರೆ. ಹೂಪಾತಿಯ ನಡುವೆ ಇಟ್ಟರೆ ಮಾಲಿಯ ತಿಂಗಳುಗಟ್ಟಲೆಯ ದುಡಿಮೆ ಮಣ್ಣುಪಾಲು. ಆದ್ದರಿಂದ ನಡೆಯುವ ದಾರಿಯ ಅಂಚಿನಲ್ಲೇ, ಕಲ್ಲುಬೆಂಚಿನ ಕೆಳಗೋ ಕಟ್ಟೆಯ ಸಂದಿನಲ್ಲೋ ಇಟ್ಟು, ಸ್ಪಷ್ಟ ಸುಳಿವು ಕೊಡಿ. ಮರದ ಪೊಟರೆ ಬೇಡ, ಅದು ಅಳಿಲು, ಗಿಳಿ, ಹಾಲಕ್ಕಿಗಳ ಮನೆ. ಟ್ರಾನ್ಸ್‌ಫಾರ್ಮರ್, ದೀಪದ ಕಂಬ, ಮ್ಯಾನ್‌ಹೋಲ್, ಮೆಟ್ರೋ ಕಂಬಗಳ ಹತ್ತಿರ ಸುಳಿಯಲೇಬೇಡಿ. ಪಾರ್ಕು ತೆರೆದಿರುವ ಹೊತ್ತಿನಲ್ಲಿ ಮಾತ್ರ ಹುಡುಕಬೇಕು ಎಂದು ಆಟದ ವಿವರದಲ್ಲೇ ನಮೂದಿಸಿ.

ನೆಲ ಅಗೆಯಬಾರದೆಂಬ ನಿಯಮವನ್ನು ಮಗಳಿಗೆ ಬಿಡಿಸಿ ಹೇಳಿ, ನಮ್ಮ ನಾಡಿನಲ್ಲಿ ಅದರ ಹಿಂದೆ ನೋವಿನ ಕಥೆಯಿದೆ. ನಿಧಿಯಾಸೆಗೆ ಬಿದ್ದವರು ಹಂಪಿಯಲ್ಲಿ, ಹಳ್ಳಿಹಳ್ಳಿಯ ಹಾಳು ಗುಡಿಗಳಲ್ಲಿ ನಂದಿಯನ್ನು ಕೆಡವಿದ್ದಾರೆ, ಗರ್ಭಗುಡಿಯ ನೆಲ ಬಗೆದಿದ್ದಾರೆ, ವೀರಗಲ್ಲು ಕಿತ್ತಿದ್ದಾರೆ. ಭೂಮಿಯೊಳಗೆ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಈ ದೇಶದಲ್ಲಿದೆ. ಹಾಗಾಗಿ ಇಲ್ಲಿ ಯಾರಾದರೂ ಕೈಯಲ್ಲಿ ಯಂತ್ರ ಹಿಡಿದು ನೆಲ ನೋಡುತ್ತ ತಿರುಗಿದರೆ ಜನ ನಿಧಿಗಳ್ಳರೇ ಎಂದುಕೊಂಡರೂ ತಪ್ಪಿಲ್ಲ. ನಿಮ್ಮ ಡಬ್ಬಿ ನೆಲದ ಮೇಲೆಯೇ ಇರಲಿ, ಪ್ರಕಟಣೆಯಲ್ಲಿ "ಅಗೆಯುವ ಅಗತ್ಯವಿಲ್ಲ" ಎಂದು ಕನ್ನಡದಲ್ಲೂ ಬರೆಯಿರಿ.

ಅನುಮತಿ ಸಿಗದಿದ್ದರೆ? ಬೇಸರವಾಗುತ್ತದೆ, ನಿಜ. ಆದರೆ ಕದ್ದುಮುಚ್ಚಿ ಇಡಲು ಹೋಗಬೇಡಿ, ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಒಂದಲ್ಲ ಒಂದು ದಿನ ಡಬ್ಬಿ ಯಾರ ಕಣ್ಣಿಗಾದರೂ ಬೀಳುತ್ತದೆ. ಆಮೇಲೆ ನಿಮ್ಮ ಹಿಂದೆ ಬರುವ ಹತ್ತು ಮಕ್ಕಳಿಗೂ ಆ ಕಚೇರಿಯ ಬಾಗಿಲು ಮುಚ್ಚುತ್ತದೆ. ಅದರ ಬದಲು ಡಬ್ಬಿಯೇ ಇಲ್ಲದ ಆಟವೊಂದಿದೆ, ಅದನ್ನು ಆಡಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಡಬ್ಬಿ ಇಡುವಂತಿಲ್ಲ. ಇಂಥ ಜಾಗಗಳಿಗೂ ಒಗ್ಗುವ ಹಾಗೆ 2004ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಂಘದ ನೆರವಿನಿಂದ ಅರ್ತ್‌ಕ್ಯಾಶ್ ಎಂಬ ಪ್ರಕಾರ ಶುರುವಾಯಿತು. ಅಲ್ಲಿ ಏನನ್ನೂ ಇಡುವುದಿಲ್ಲ. ಬಂಡೆಯನ್ನೋ ಬೆಟ್ಟವನ್ನೋ ನೋಡಿ, ಅಲ್ಲೇ ನಿಂತು ಕಂಡುಕೊಳ್ಳಬೇಕಾದ ಪ್ರಶ್ನೆಗಳಿಗೆ ಉತ್ತರ ಬರೆದು ಕಳುಹಿಸಬೇಕು. ಜಾಗದವರ ಒಪ್ಪಿಗೆ ಬೇಕಾದಲ್ಲಿ ಅದನ್ನೂ ಪಡೆಯಬೇಕು, ಆದರೆ ವಸ್ತುವೇ ಇಲ್ಲದ ಕಡೆ ಒಪ್ಪಿಗೆ ಸುಲಭ.

ಇದಕ್ಕೆ ನಮ್ಮ ದಕ್ಷಿಣ ಬೆಂಗಳೂರಿನಷ್ಟು ಒಳ್ಳೆಯ ಜಾಗ ಎಲ್ಲಿದೆ ಹೇಳಿ! ಲಾಲ್‌ಬಾಗಿನ ಕೆಂಪೇಗೌಡ ಗೋಪುರದ ಕೆಳಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಈ ಜಾತಿಯ ಶಿಲೆಗೆ ಪೆನಿನ್ಸುಲರ್ ನೈಸ್ ಎಂಬ ಹೆಸರು ಕೊಟ್ಟರು. ಇಂದು ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ವಿವರದ ಫಲಕ ಅಲ್ಲೇ ಇದೆ. ಬಸವನಗುಡಿಯ ಬ್ಯೂಗಲ್ ರಾಕ್ ಕೂಡ ಅದೇ ಪುರಾತನ ಬಂಡೆಯ ವಂಶ. ಬಂಡೆಯ ಮೇಲೆ ಹರಿದಿರುವ ಬಿಳಿ, ಕಪ್ಪು ಪಟ್ಟೆಗಳು ಹೇಗಾದವು ಎಂಬ ಒಂದು ಪ್ರಶ್ನೆ ಸಾಕು, ಮಕ್ಕಳು ಅರ್ಧ ದಿನ ಅಲ್ಲೇ ಕೂರುತ್ತಾರೆ.

ಕಲ್ಲಿನಿಂದ ಅಕ್ಷರಕ್ಕೆ ಹೋಗಬೇಕೆಂದರೆ ಬೇಗೂರಿದೆ. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ಕನ್ನಡ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಕೆಂಪೇಗೌಡರಿಗೂ ಆರುನೂರು ವರ್ಷಗಳಿಗಿಂತ ಮುಂಚೆಯೇ ಈ ಹೆಸರು ಕಲ್ಲಿನ ಮೇಲಿತ್ತು. ನಗರದ ಇಂಥ ಶಾಸನಗಳನ್ನು ಮಿಥಿಕ್ ಸೊಸೈಟಿಯವರು ಮೂರು ಆಯಾಮದಲ್ಲಿ ಡಿಜಿಟಲ್ ರೂಪಕ್ಕೆ ತರುತ್ತಿದ್ದಾರೆ. ಯಾವುದನ್ನೂ ಮುಟ್ಟದೆ, ಏನನ್ನೂ ಇಡದೆ ಶಾಸನದಿಂದ ಶಾಸನಕ್ಕೆ ಹೋಗುವ ಒಂದು ದಾರಿಯನ್ನು ನಿಮ್ಮ ಮಗಳು ಮನೆಯಲ್ಲೇ ಕೂತು ನಕ್ಷೆಯಲ್ಲಿ ಬರೆಯಬಹುದು.

ಜಾಗವನ್ನು ಅಂಕಿಯಲ್ಲಿ ಹಿಡಿಯುವ ವಿದ್ಯೆಯೂ ನಮ್ಮ ಊರಿಗೆ ಹೊಸದಲ್ಲ ಎಂದು ಅವಳಿಗೆ ಹೇಳಿ. ಉಪಖಂಡವನ್ನೇ ಅಳೆದ ಮಹಾ ಸರ್ವೇ ಕಾರ್ಯಕ್ಕೆ ಮುನ್ನುಡಿಯಾಗಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಆಧಾರರೇಖೆ ಅಳೆದದ್ದು ಬೆಂಗಳೂರಿನ ಬಳಿ, ಸರಪಳಿ ಹಿಡಿದು. ಜಿಪಿಎಸ್‌ನಂತೆ ಜಾಗ ತೋರಿಸುವ, ಭಾರತದ್ದೇ ಆದ ನಾವಿಕ್ ಉಪಗ್ರಹ ವ್ಯವಸ್ಥೆಯ ಕೇಂದ್ರವೊಂದು ನಗರದ ಹೊರವಲಯದ ಬ್ಯಾಲಾಳಿನಲ್ಲಿದೆ, 2013ರಿಂದ. ಅವಳ ಫೋನಿನ ಪರದೆಯ ಮೇಲಿನ ಅಕ್ಷಾಂಶ, ರೇಖಾಂಶದ ಎರಡು ಸಂಖ್ಯೆಗಳಿಗೆ ಇಲ್ಲೇ ಇಷ್ಟು ಹತ್ತಿರದ ನೆಂಟಸ್ತಿಕೆಯಿದೆ.

ಬರಿ ಅರ್ಜಿಯಿಂದ ಏನಾದೀತು ಎಂಬ ಅನುಮಾನ ನಿಮ್ಮ ಪತ್ರದ ಕೊನೆಯಲ್ಲಿ ಇಣುಕಿದೆ. ಅದಕ್ಕೆ ಉತ್ತರ ನಿಮ್ಮ ಜೆ.ಪಿ. ನಗರದಲ್ಲೇ ಇದೆ. 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಬತ್ತಿ, ಕಸ ತುಂಬಿ, ಹೆಸರಿಗಷ್ಟೇ ಕೆರೆಯಾಗಿ ಉಳಿದಿತ್ತು. ನೆರೆಹೊರೆಯವರು ಸೇರಿ 2010ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. ಪಾಲಿಕೆಯ ಜೊತೆ ಓಡಾಡಿ, ಪತ್ರ ಬರೆದು, 2011ರಲ್ಲಿ ಕೆರೆಯ ನಿರ್ವಹಣೆಗೆ ಲಿಖಿತ ಒಪ್ಪಂದ ಮಾಡಿಕೊಂಡರು. ನಗರದಲ್ಲಿ ಹೀಗೆ ಕೆರೆಯೊಂದನ್ನು ನೋಡಿಕೊಳ್ಳುವ ಹೊಣೆ ನಾಗರಿಕರ ಗುಂಪಿಗೆ ಸಿಕ್ಕಿದ್ದು ಅದೇ ಮೊದಲು. ಇಂದು ಆ ಕೆರೆಯಲ್ಲಿ ಹಕ್ಕಿಗಳಿವೆ, ಅಂಚಿನಲ್ಲಿ ಮರಗಳಿವೆ, ದಿನವೂ ಜನ ನಡೆಯುತ್ತಾರೆ. ಅವರು ಕೇಳಿದ್ದು ಒಂದು ಕೆರೆ, ನೀವು ಕೇಳುತ್ತಿರುವುದು ಅಂಗೈಯಗಲದ ಜಾಗ. ದಾರಿ ಒಂದೇ: ಜಾಗವನ್ನು ಪ್ರೀತಿಸುವವರು ಮುಂದೆ ಬಂದು, ಹೆಸರು ಹೇಳಿ, ಜವಾಬ್ದಾರಿ ಹೊತ್ತು ಕೇಳುವುದು.

ತೋಟಗಾರಿಕೆ ವಿಭಾಗದವರ ಕಣ್ಣಿಗೆ ಈ ಪತ್ರ ಬಿದ್ದರೆ ಅವರಲ್ಲೂ ನನ್ನದೊಂದು ಕೋರಿಕೆ. ಬ್ರಿಟನ್ನಿನಲ್ಲಿ ಈ ಆಟದವರ ಸಂಘ ಜಾಗದ ಮಾಲೀಕರೊಂದಿಗೆ ಮೊದಲೇ ಒಪ್ಪಂದ ಮಾಡಿಕೊಂಡು, ಎಲ್ಲಿ ಯಾವ ಷರತ್ತಿನ ಮೇಲೆ ಇಡಬಹುದು ಎಂದು ಪಟ್ಟಿ ಮಾಡಿಟ್ಟಿದೆ. ಅಮೆರಿಕದ ಎಷ್ಟೋ ಉದ್ಯಾನ ಇಲಾಖೆಗಳು ಇದಕ್ಕೆಂದೇ ಒಂದು ಪುಟದ ಅರ್ಜಿ ನಮೂನೆ ಇಟ್ಟಿವೆ. ನಮ್ಮಲ್ಲೂ ಅಂಥ ಒಂದು ನಮೂನೆ ಬಂದರೆ ಅಧಿಕಾರಿ ಪ್ರತಿ ಸಲ ಹೊಸದಾಗಿ ಯೋಚಿಸಬೇಕಿಲ್ಲ, ಜನರೂ ಕದ್ದು ಇಡಬೇಕಿಲ್ಲ. ಎಲ್ಲಿ ಬೇಡ ಎಂಬುದನ್ನು ಮೊದಲು ಬರೆಯಿರಿ: ಕಾಡು, ಕೆರೆಯ ಹಕ್ಕಿತಾಣ, ಸ್ಮಾರಕ, ಮಕ್ಕಳ ಆಟದ ಜಾಗ. ಉಳಿದ ಕಡೆ ಪಾರ್ಕಿಗೆ ಒಂದರಂತೆ, ವರ್ಷಕ್ಕೊಮ್ಮೆ ನವೀಕರಣದ ಷರತ್ತಿನಲ್ಲಿ ಅವಕಾಶ ಕೊಡಿ. ಪರದೆಯ ಮುಂದೆ ಕೂತ ಮಕ್ಕಳನ್ನು ಅದೇ ಫೋನಿನ ಕೈ ಹಿಡಿಸಿ ಮರದ ಕೆಳಗೆ ಕರೆತರುವ ಆಟವಿದು. ಪಾರ್ಕಿಗೆ ಬರುವ ಮಗು ನಾಳೆ ಪಾರ್ಕನ್ನು ಉಳಿಸಿಕೊಳ್ಳುವ ನಾಗರಿಕನಾಗುತ್ತದೆ.

ಇಷ್ಟು ಬರೆದ ಮೇಲೆ ನಿಮಗೊಂದು ಒತ್ತಾಯ. ಅರ್ಜಿಯನ್ನು ನೀವು ಬರೆಯಬೇಡಿ, ಮಗಳೇ ಬರೆಯಲಿ. ನೀವು ಕೆಳಗೆ ಪೋಷಕರೆಂದು ಸಹಿ ಹಾಕಿದರೆ ಸಾಕು. ಅನುಮತಿ ಸಿಕ್ಕಿದರೆ ಆ ಪತ್ರದ ನಕಲನ್ನು ಮಾಲಿಯವರಿಗೂ ಒಂದು ಕೊಡಿ, ವಾಕಿಂಗ್ ಬಳಗಕ್ಕೂ ಒಂದು ಕೊಡಿ. ಸಿಗದಿದ್ದರೆ ಕಾರಣ ಕೇಳಿ ತಿಳಿದುಕೊಂಡು, ಅದನ್ನು ಸರಿಪಡಿಸಿ ಮತ್ತೊಮ್ಮೆ ಬರೆಯಿರಿ. ಎರಡರಲ್ಲಿ ಯಾವುದಾದರೂ ನನಗೊಂದು ಕಾಗದ ಹಾಕಲು ಮರೆಯಬೇಡಿ, ನಿಮ್ಮ ಅನುಭವ ಇತರ ಓದುಗರಿಗೆ ದಾರಿಯಾದೀತು.

ಮಗಳಿಗೆ ನನ್ನ ಆಶೀರ್ವಾದ ತಿಳಿಸಿ. ಈ ವಾರವೇ ಅರ್ಜಿ ಕೊಡಿ.

ಇಂತಿ ನಿಮ್ಮ ವಿಶ್ವಾಸದ,
ಜಯನಗರದ ಗೆಳೆಯ